ಕೂಲಿ ಬಿಟ್ಟು ಮನ್ಯಾಗ ಕೂತವರ ಲೆಕ್ಕ: ಹಳ್ಳಿಯ ಹಿರಿಯರ ಆರೈಕೆಗೆ ದುಡ್ಡು ಎಲ್ಲಿಂದ?

ಈ ಸಂಚಿಕೆ ಒಂದು ಪಾವತಿಯಿಂದ ಶುರುವಾಗ್ತದೆ.

ಹೋದ ಸಲ ಊರಿಗೆ ಹೋಗಿದ್ದೆ. ಕುಂದಗೋಳ ತಾಲ್ಲೂಕಿನ ಸಣ್ಣ ಹಳ್ಳಿ. ಸುತ್ತಲೂ ಎರಿ ಹೊಲ. ಮೆಣಸಿನಕಾಯಿ, ಹತ್ತಿ, ಶೇಂಗಾ. ನಮ್ಮ ಚಿಗವ್ವ ಪ್ಲಾಸ್ಟಿಕ್ ಚೀಲದಿಂದ ಮನಿಪಟ್ಟಿ ತುಂಬಿದ ಪಾವತಿಗಳನ್ನ ತೆಗೆದು ಮುಂದಿಟ್ಟು, ‘ತಮ್ಮಾ, ಇದರಾಗ ಏನೇನ್ ಬರದಾರ, ಒಂದೀಟು ಓದಿ ಹೇಳು’ ಅಂದ್ಲು. ಓದಿದೆ. ಮನೆಯ ತೆರಿಗೆ ಒಂದು ಸಾಲು. ಅದರ ಕೆಳಗೆ ಉಪಕರಗಳು, ಅಂದ್ರೆ ಸೆಸ್. ನೂರು ರೂಪಾಯಿ ತೆರಿಗೆಗೆ ಆರೋಗ್ಯಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3. ಒಟ್ಟು 34 ರೂಪಾಯಿ.

ಚಿಗವ್ವ ಕೊನೇ ಸಾಲಿಗೆ ನನ್ನ ತಡೆದ್ಲು. ‘ಭಿಕ್ಷಾ ಬೇಡೋರಿಗೆ ಪಟ್ಟಿಯೊಳಗ ಪಾಲೈತಿ. ಮನ್ಯಾಗ ಹಾಸಿಗಿ ಹಿಡದೋರಿಗೆ ಇಲ್ಲೇನು?’

ಪಡಸಾಲೆಯ ಮಂಚದ ಮೇಲೆ ನಮ್ಮ ಆಯಿ ಮಲಗಿದ್ಲು. ಸೊಂಟದ ಎಲುಬು ಮುರಿದು ಆರು ವರ್ಷ ಆಯ್ತು. ಅದಕ್ಕೂ ಮುಂಚೆ ಚಿಗವ್ವ ಕಳೆ ತೆಗೆಯೋಕೆ, ಮೆಣಸಿನಕಾಯಿ ಬಿಡಿಸೋಕೆ ಕೂಲಿಗೆ ಹೋಗ್ತಿದ್ಲು. ಆರು ವರ್ಷದಿಂದ ಹೋಗಿಲ್ಲ. ಆಯಿಯನ್ನ ಹೊರಳಿಸಬೇಕು, ತೊಳೀಬೇಕು, ಉಣ್ಣಿಸಬೇಕು. ಬೆನ್ನಿಗೆ ಹಾಸಿಗೆ ಹುಣ್ಣು ಆಗದ ಹಾಗೆ ನೋಡ್ಕೋಬೇಕು. ಆಯಿಗೆ ಬರೋ ಪಿಂಚಣಿಗೆ ಸರ್ಕಾರದಲ್ಲಿ ಒಂದು ಲೆಕ್ಕ ಇದೆ. ಚಿಗವ್ವ ಬಿಟ್ಟ ಕೂಲಿಗೆ ಎಲ್ಲೂ ಲೆಕ್ಕ ಇಲ್ಲ.

ಅವಳ ಪ್ರಶ್ನೆ ಹಿಡಿದು ಹೊರಟವನಿಗೆ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಯ್ತು. ಅಲ್ಲಿ, ಬರಗಾಲದ ಒಂದು ಕಾನೂನಿನೊಳಗೆ, ಚಿಗವ್ವನಂಥವರ ಬಗ್ಗೆಯೇ ಒಂದು ಸಾಲು ಸಿಕ್ಕಿತು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಆ ಮೂರು ರೂಪಾಯಿ ನೋಡೋಣ. ಇದು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಸ್ಥಳೀಯ ಸಂಸ್ಥೆಗಳು ಕಟ್ಟಡದ ತೆರಿಗೆಯ ಜೊತೆ ಶೇ 3ರಷ್ಟು ಉಪಕರ ವಸೂಲಿ ಮಾಡಿ, ನಿರಾಶ್ರಿತರ ಪರಿಹಾರ ಕೇಂದ್ರಗಳನ್ನ ನಡೆಸೋ ಸಮಿತಿಗೆ ಕಳಿಸಬೇಕು. ಅಂದ್ರೆ ದುಡ್ಡು ಊರಿನಲ್ಲಿ ಹುಟ್ಟುತ್ತದೆ, ಊರಲ್ಲಿ ಉಳಿಯೋದಿಲ್ಲ. ಈ ಲೆಕ್ಕಕ್ಕೆ ಸೇರಬೇಕು ಅಂದ್ರೆ ನಮ್ಮ ಆಯಿ ಮನೆ ಬಿಟ್ಟು ಬೀದಿಗೆ ಬರಬೇಕು. ಮನೆಯೊಳಗೇ ಇದ್ದರೆ ಅವಳು ಮನೆಯವರ ಜವಾಬ್ದಾರಿ. ಈ ಗೆರೆ ಎಳೆದವರು ಯಾರು ಅನ್ನೋದು ಈಗಿನ ಪ್ರಶ್ನೆ.

ಹಿಂದೆ ಹಳ್ಳಿಯೇ ಎಲ್ಲರನ್ನ ನೋಡಿಕೊಳ್ತಿತ್ತು ಅಂತ ಹೇಳೋರು ಇದ್ದಾರೆ. ಅರ್ಧ ನಿಜ. ಮಠದಲ್ಲಿ ದಾಸೋಹ ಇತ್ತು, ಅದಕ್ಕೆ ಇನಾಮು ಭೂಮಿ ಇತ್ತು, ಸುಗ್ಗಿಯ ಕಣದಲ್ಲಿ ಆಯಗಾರರಿಗೆ ಪಾಲಿತ್ತು. ಆದರೆ ಆ ಪಾಲು ಜಾತಿ, ವೃತ್ತಿ, ಮನೆತನ ನೋಡಿ ಸಿಗ್ತಿತ್ತು. ಊರ ಹೊರಗಿನ ಕೇರಿಯ ವಿಧವೆಗೆ ಹಕ್ಕಿನ ಪಾಲು ಅಂತ ಬಹಳ ಇರಲಿಲ್ಲ. ಅದಕ್ಕೇ ಹಳೇ ಕಾಲವನ್ನ ಬಂಗಾರದ ಕಾಲ ಅಂತ ಹೇಳೋಕೆ ನಾನು ತಯಾರಿಲ್ಲ.

ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ನವಲಗುಂದ, ಅದರೊಳಗಿನ ಅಣ್ಣಿಗೇರಿ, ಕಲಘಟಗಿ, ಇವೆಲ್ಲ ನೇರ ಇಂಗ್ಲಿಷರ ಆಡಳಿತದಲ್ಲಿದ್ದವು. ನಮ್ಮ ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಇಂಗ್ಲಿಷ್ ಸೀಮೆಯಲ್ಲಿ 1860ರ ದಶಕದಲ್ಲಿ ಒಂದು ಸ್ಥಳೀಯ ನಿಧಿ ಹುಟ್ಟಿತು. 1869ರಲ್ಲಿ ಅದಕ್ಕೆ ಕಾಯ್ದೆ ಬಂತು. ರೈತ ಕಟ್ಟೋ ಭೂಕಂದಾಯದ ರೂಪಾಯಿಗೆ ಒಂದಾಣೆ ಹೆಚ್ಚಿಗೆ. ಹದಿನಾರಾಣೆಗೆ ಒಂದಾಣೆ ಅಂದ್ರೆ ಶೇ 6ಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಕ್ಕೆ, ಒಂದು ಪಾಲು ಸಾಲಿಗೆ. ಹಳ್ಳಿಯ ಹೊಲದಿಂದ ಬಂದ ದುಡ್ಡು ಅಲ್ಲೇ ಸುತ್ತಮುತ್ತ ಖರ್ಚಾಗಬೇಕು ಅನ್ನೋ ಲೆಕ್ಕ ಇಲ್ಲಿಂದ ಶುರು. ವಯಸ್ಸಾದವರ ಹೆಸರು ಅದರಲ್ಲಿ ಇರಲಿಲ್ಲ.

ಆಮೇಲೆ 1876 ಬಂತು. ಮಳೆ ಕೈಕೊಟ್ಟಿತು. ಧಾರವಾಡ, ಬೆಳಗಾವಿ, ಆಗಿನ ಕಲಾದಗಿ ಜಿಲ್ಲೆಗಳು ಬತ್ತಿಹೋದವು. 1872ರ ಮತ್ತು 1881ರ ಗಣತಿ ಪಕ್ಕಪಕ್ಕ ಇಟ್ಟು ನೋಡಿದರೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಹತ್ತರಲ್ಲಿ ಒಂದು ಪಾಲು ಇಳಿದಿತ್ತು. ಕೆಲವರು ಸತ್ತರು, ಕೆಲವರು ಊರು ಬಿಟ್ಟು ಹೋದರು. ಸರ್ಕಾರ ಪರಿಹಾರ ಕೆಲಸ ತೆಗೀತು. ಕಲ್ಲು ಒಡೀಬೇಕು, ಮಣ್ಣು ಹೊರಬೇಕು. ಅದರಲ್ಲೂ ಖರ್ಚು ಉಳಿಸಬೇಕು ಅಂತ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ದಿನದ ಕೂಲಿಯನ್ನ ಒಂದು ಪೌಂಡ್ ಧಾನ್ಯ, ಮೇಲೆ ಪುಡಿಗಾಸು ಅನ್ನೋ ಮಟ್ಟಕ್ಕೆ ಇಳಿಸಿದ. ಒಂದು ಪೌಂಡ್ ಅಂದ್ರೆ ಅರ್ಧ ಕಿಲೋಕ್ಕೂ ಕಡಿಮೆ. ಕಲ್ಲು ಒಡೆಯೋ ಮನುಷ್ಯನಿಗೆ ಇದು ಸಾಲೋದಿಲ್ಲ ಅಂತ ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಕೆಲಸ ಬಿಟ್ಟು ಎದ್ದುಹೋದರು. ಪುಣೆಯ ಸಾರ್ವಜನಿಕ ಸಭಾ ಅವರ ಪರ ಅರ್ಜಿ ಬರೀತು.

ಈಗ ಒಂದು ಮಾತು ಯೋಚನೆ ಮಾಡ್ರಿ. ಕಲ್ಲು ಒಡೆಯೋರಿಗೇ ಇಷ್ಟು. ಕಲ್ಲು ಒಡೆಯೋಕೆ ಆಗದವರ ಗತಿ? ಕುರುಡರು, ಕೈಕಾಲು ಇಲ್ಲದವರು, ಎದ್ದೇಳಲಾಗದ ಮುದುಕರು?

ಅಷ್ಟು ಸಾವಿನ ನಂತರ ಬಂದ 1880ರ ಕ್ಷಾಮ ಆಯೋಗ ಈ ಪ್ರಶ್ನೆ ಎತ್ತಿಕೊಂಡಿತು. ಅದರ ವರದಿಯಿಂದ 1883ರಲ್ಲಿ ಮಾದರಿ ‘ಫ್ಯಾಮಿನ್ ಕೋಡ್’ ಹುಟ್ಟಿತು. ಅದನ್ನ ಅನುಸರಿಸಿ ಮುಂಬೈ ಪ್ರಾಂತ್ಯವೂ ತನ್ನದು ಮಾಡಿಕೊಂಡಿತು. ಅದರಲ್ಲಿ ಎರಡು ತರಹದ ಪರಿಹಾರ. ಕೆಲಸ ಮಾಡಬಲ್ಲವರಿಗೆ ಕೆಲಸ. ಮಾಡಲಾಗದವರಿಗೆ ಅವರ ಊರಲ್ಲೇ ಪುಕ್ಕಟೆ ನೆರವು. ಊರಿನ ಅಧಿಕಾರಿಗಳು, ನಮ್ಮ ಕಡೆ ಅಂದ್ರೆ ಗೌಡ, ಕುಲಕರ್ಣಿ, ಪಟ್ಟಿ ಮಾಡಬೇಕು. ಮೇಲಿನವರು ಬಂದು ತಪಾಸಣೆ ಮಾಡಬೇಕು. ಆ ಪಟ್ಟಿಗೆ ಯಾರನ್ನ ಸೇರಿಸಬೇಕು ಅಂತ ಕೋಡ್ ಹೇಳ್ತದೆ: ಕುರುಡರು, ಅಂಗವಿಕಲರು, ಬುದ್ಧಿಭ್ರಮಣೆ ಆದವರು, ವಯಸ್ಸಿನಿಂದ ದುಡಿಯಲಾಗದವರು. ಕೊನೆಗೆ ಇನ್ನೊಂದು ಗುಂಪು: ಮನೆಯಲ್ಲಿ ರೋಗಿಗಳನ್ನ, ವೃದ್ಧರನ್ನ, ಕೂಸುಗಳನ್ನ ನೋಡಿಕೊಳ್ಳಲೇಬೇಕಾಗಿ ಕೆಲಸಕ್ಕೆ ಹೋಗಲಾಗದವರು.

ನಾನು ಹೇಳಿದ ಸಾಲು ಇದೇ. ಹಾಸಿಗೆ ಹಿಡಿದವರ ಜೊತೆಗೆ, ಅವರ ಪಕ್ಕ ಕೂತವರೂ ಪಟ್ಟಿಗೆ ಬಂದಿದ್ದರು. ನೋಡಿಕೊಳ್ಳೋಕೆ ಒಬ್ಬರು ಮನೇಲಿ ಇರಲೇಬೇಕು, ಹಾಗೆ ಇದ್ದಾಗ ಅವರ ಕೂಲಿ ಹೋಗ್ತದೆ ಅನ್ನೋದನ್ನ ಬ್ರಿಟಿಷ್ ಸರ್ಕಾರ ಲಿಖಿತವಾಗಿ ಒಪ್ಪಿಕೊಂಡಿತ್ತು.

ಆದರೆ ಒಂದು ಷರತ್ತು. ಬರ ಅಂತ ಘೋಷಣೆ ಆಗಿರಬೇಕು. ಮಳೆ ಬಂತು, ಬೆಳೆ ಬಂತು ಅಂದ್ರೆ ಪಟ್ಟಿ ಬಂದ್. ಮುದುಕಿಯ ಕಾಲು ಮಳೆ ಬಂದ ಕೂಡಲೇ ನೆಟ್ಟಗಾಗ್ತದೇನ್ರಿ? ಇಲ್ಲ. ಆದರೆ ಸಾಧಾರಣ ವರ್ಷಗಳಲ್ಲಿ ಭಾರತದ ಕುಟುಂಬ, ಜಾತಿ, ಊರು ತಮ್ಮವರನ್ನ ತಾವೇ ನೋಡಿಕೊಳ್ತಾವೆ, ಸರ್ಕಾರದ ಕಾನೂನು ಬೇಕಿಲ್ಲ ಅನ್ನೋದು ಆಗಿನ ಆಡಳಿತದ ನಂಬಿಕೆ. ಇದೇ ಇಂಗ್ಲಿಷರ ಸ್ವಂತ ದೇಶದಲ್ಲಿ 1601ರಿಂದ ಬಡವರ ಕಾನೂನು ಇತ್ತು. ಪ್ರತಿ ಪ್ಯಾರಿಷ್, ಅಂದ್ರೆ ಒಂದು ಚರ್ಚಿನ ವ್ಯಾಪ್ತಿಯ ಊರು, ಆಸ್ತಿಯ ಮೇಲೆ ತೆರಿಗೆ ಎತ್ತಿ ತನ್ನ ಬಡವರನ್ನ, ಮುದುಕರನ್ನ ಸಾಕಬೇಕಿತ್ತು. ಅಲ್ಲಿ ಅದು ಕರುಣೆಯ ಕಾನೂನು ಅಂತ ಯಾರೂ ಹೊಗಳಲಿಲ್ಲ, ಬೈದವರೇ ಜಾಸ್ತಿ. ಆದರೂ ಊರಿನ ತೆರಿಗೆಯಲ್ಲಿ ಮುದುಕರಿಗೆ ಪಾಲಿತ್ತು. ಆ ಪದ್ಧತಿಯನ್ನ ಇಲ್ಲಿಗೆ ತರಲಿಲ್ಲ. ಚಿಗವ್ವ ಕೇಳಿದ ಗೆರೆ ಅಲ್ಲಿ ಎಳೆದದ್ದು.

1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ಠರಾವು ತಂದ. 1884ರಲ್ಲಿ ಮುಂಬೈ ಲೋಕಲ್ ಬೋರ್ಡ್ ಕಾಯ್ದೆ ಆಯ್ತು. ಧಾರವಾಡಕ್ಕೆ ಜಿಲ್ಲಾ ಲೋಕಲ್ ಬೋರ್ಡ್, ಕೆಳಗೆ ತಾಲ್ಲೂಕು ಬೋರ್ಡ್‌ಗಳು. ನಮ್ಮ ಹಿರಿಯರು ಈಗಲೂ ‘ಬೋರ್ಡಿನ ಸಾಲಿ’, ‘ಬೋರ್ಡಿನ ದವಾಖಾನಿ’ ಅಂತ ನೆನಪಿಸ್ಕೊಳ್ತಾರೆ. ಒಂದಾಣೆ ಕರದ ಮೇಲೆ ನಡೆದ ಬೋರ್ಡು ರಸ್ತೆ, ಸಾಲಿ, ದವಾಖಾನಿ ಕಟ್ಟಿತು, ಕಡಿಮೆ ಕೆಲಸ ಅಲ್ಲ. ಆದರೆ ಮನೆಯೊಳಗೆ ಹಾಸಿಗೆ ಹಿಡಿದವರ ಬಾಗಿಲಿಗೆ ಅದು ಬರಲಿಲ್ಲ.

ಸ್ವಾತಂತ್ರ್ಯ ಬಂತು. ಸಂವಿಧಾನದ 41ನೇ ವಿಧಿ ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯದಲ್ಲಿ ಸರ್ಕಾರ ನೆರವು ಕೊಡಬೇಕು ಅಂತು. ಜೊತೆಗೆ ‘ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಅನ್ನೋ ಮಾತನ್ನೂ ಸೇರಿಸಿತು. 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಬಂತು. 1959ರ ಕಾಯ್ದೆಯಿಂದ ಹಳೇ ಜಿಲ್ಲಾ ಬೋರ್ಡು ಹೋಗಿ ತಾಲ್ಲೂಕು ಬೋರ್ಡ್‌ಗಳು ಬಂದವು. 1960ರ ದಶಕದಲ್ಲಿ ರಾಜ್ಯ ಸರ್ಕಾರ ವೃದ್ಧಾಪ್ಯ ವೇತನ ಶುರು ಮಾಡಿತು. ಇದು ಬಹಳ ದೊಡ್ಡ ಹೆಜ್ಜೆ. ಬರ ಇಲ್ಲದ ವರ್ಷದಲ್ಲೂ ಮುದುಕಿಗೆ ಹಣ, ಅದೂ ಪೋಸ್ಟಿನವ ಮನೆಗೆ ತಂದು ಕೊಡೋದು.

ಆದರೆ ಈ ದುಡ್ಡು ಯಾವ ದಾರಿಯಿಂದ ಬಂತು ನೋಡ್ರಿ. ಗೌಡ, ಕುಲಕರ್ಣಿಯ ಜಾಗಕ್ಕೆ ಈಗ ತಲಾಠಿ ಬಂದಿದ್ದ. ಅರ್ಜಿ ತಲಾಠಿಗೆ, ಮಂಜೂರಿ ತಹಶೀಲ್ದಾರರಿಗೆ. ಇವತ್ತಿಗೂ ಪಿಂಚಣಿ ಕಂದಾಯ ಇಲಾಖೆಯದ್ದು, ನಾಡಕಚೇರಿಯದ್ದು. ಅರ್ಜಿ ಯಾಕೆ ನಿಂತಿತು ಅಂತ ಪಂಚಾಯ್ತಿ ಮೆಂಬರ್‌ನ ಕೇಳಿದರೆ, ‘ಅದು ನಮ್ಮ ಕೈಯಾಗಿಲ್ರಿ’ ಅಂತಾನೆ. ಸುಳ್ಳಲ್ಲ. ಬರಗಾಲದ ಪಟ್ಟಿ ಬರೆದ ದಾರಿಯೇ ಹೆಸರು ಬದಲಿಸಿಕೊಂಡು ಮುಂದುವರಿದಿದೆ.

ಪಂಚಾಯ್ತಿಯ ಕೈಗೆ ಶಕ್ತಿ ಕೊಡೋ ದೊಡ್ಡ ಪ್ರಯತ್ನ ಆಗಿದ್ದು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ, ಅಬ್ದುಲ್ ನಜೀರ್ ಸಾಬ್ ಮಂತ್ರಿ ಆಗಿದ್ದಾಗ. ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ಆಯ್ತು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, ಅದರ ಬೆನ್ನಿಗೇ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ. ಆ ತಿದ್ದುಪಡಿಯ ಜೊತೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. 26ನೆಯದು ಸಮಾಜ ಕಲ್ಯಾಣ, ಅಂಗವಿಕಲರ ಕಲ್ಯಾಣವೂ ಸೇರಿ. ಹೀಗೆ ಕಾಗದದ ಮೇಲೆ ಕೆಲಸ ಪಂಚಾಯ್ತಿಗೆ ಬಂತು.

ದುಡ್ಡು? ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಗ್ರಾಮ ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆ ಅಂತ ಒಂದು ಪಾಲು ಮೀಸಲಿಡಬೇಕು. ಮೊದಲು ಶೇ 3 ಇತ್ತು, ಈಗ ಶೇ 5. ತ್ರಿಚಕ್ರ ಗಾಡಿ, ಊರುಗೋಲು, ಔಷಧಿ ಖರ್ಚು, ಹೀಗೆ ಬಳಸಬಹುದು. ಒಳ್ಳೆಯದೇ. ಲೆಕ್ಕಕ್ಕೆ ಅಂತ ಒಂದು ಪಂಚಾಯ್ತಿ ಹಿಡಿಯಿರಿ, ವರ್ಷಕ್ಕೆ ಸ್ವಂತ ವಸೂಲಿ 4 ಲಕ್ಷ ರೂಪಾಯಿ. ಶೇ 5 ಅಂದ್ರೆ 20 ಸಾವಿರ. ಅಲ್ಲಿ 60 ಅಂಗವಿಕಲರು ಇದ್ದರೆ ಒಬ್ಬರಿಗೆ ವರ್ಷಕ್ಕೆ 333 ರೂಪಾಯಿ. ಕಾರ್ಖಾನೆಗಳಿರೋ ಇನ್ನೊಂದು ಪಂಚಾಯ್ತಿ ಹಿಡಿಯಿರಿ, ವಸೂಲಿ 1 ಕೋಟಿ. ಶೇ 5 ಅಂದ್ರೆ 5 ಲಕ್ಷ. ಅದೇ 60 ಜನಕ್ಕೆ ತಲಾ 8 ಸಾವಿರದ ಮೇಲೆ. ನಿಯಮ ಒಂದೇ, ಆದೇಶ ಒಂದೇ. ಆದರೆ ನಡೆಯಲಾಗದವನಿಗೆ ಏನು ಸಿಗ್ತದೆ ಅನ್ನೋದನ್ನ ಊರಲ್ಲಿ ಕಾರ್ಖಾನೆ ಇದೆಯೋ ಇಲ್ಲವೋ ಅನ್ನೋದು ತೀರ್ಮಾನ ಮಾಡ್ತದೆ. ಇನ್ನು ನಮ್ಮ ಆಯಿಯಂಥವರಿಗೆ, ಅಂಗವಿಕಲರ ಕಾರ್ಡ್ ಇಲ್ಲದೆ ಬರೀ ವಯಸ್ಸಿನಿಂದ ಹಾಸಿಗೆ ಹಿಡಿದವರಿಗೆ, ಆ ಶೇ 5ರಲ್ಲೂ ಜಾಗ ಇಲ್ಲ.

ನವಲಗುಂದ, ಕುಂದಗೋಳದ ಪಂಚಾಯ್ತಿಗಳು ಯಾಕೆ ಬಡವು? ಹೊಲ ಇಲ್ಲವಾ, ಬೆಳೆ ಇಲ್ಲವಾ? ಇದೆ. ಆದರೆ ಪಂಚಾಯ್ತಿ ತೆರಿಗೆ ಹಾಕೋದು ಕಟ್ಟಡಕ್ಕೆ, ಕೃಷಿಯೇತರ ಜಾಗಕ್ಕೆ. ಹೊಲಕ್ಕಲ್ಲ. ಎರಿ ಸೀಮೆಯ ಆಸ್ತಿಯೆಲ್ಲ ಹೊಲದಲ್ಲಿದೆ, ಪಂಚಾಯ್ತಿಯ ಕೈ ಊರೊಳಗಿನ ಮಣ್ಣಿನ ಮನೆಗಳ ಮೇಲಿದೆ. ಒಂದಾಣೆ ಕಾಲದಲ್ಲಿ ಹೊಲದ ದುಡ್ಡು ಬರ್ತಿತ್ತು, ಅದರಲ್ಲಿ ಮುದುಕರ ಹೆಸರಿರಲಿಲ್ಲ. ಈಗ ಹೆಸರಿದೆ, ಹೊಲದ ದುಡ್ಡಿಲ್ಲ.

ಹಾಗಾದರೆ ಹೊಲಕ್ಕೆ ತೆರಿಗೆ ಹಾಕಿ ಅಂತೀರಾ ಅಂದ್ರೆ, ನಾನು ಅನ್ನೋದಿಲ್ಲ. 1980ರ ಜುಲೈ 21 ಯಾರಿಗೆ ಮರೆಯೋಕೆ ಆಗ್ತದೆ? ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹರಿಯೋ ಮುಂಚೆಯೇ ಜಮೀನಿನ ಬೆಲೆ ಏರಿತು ಅಂತ ಅಭಿವೃದ್ಧಿ ಕರ ಕೇಳಿದರು. ನವಲಗುಂದ, ನರಗುಂದದ ರೈತರು ಎದ್ದರು, ಗೋಲಿಬಾರ್ ಆಯ್ತು, ಜೀವ ಹೋದವು. ಸಿಗದ ನೀರಿಗೆ ಕರ ಕೇಳಿದ್ದು ತಪ್ಪೇ. ಆ ನೆನಪಿರೋ ಸೀಮೆಯಲ್ಲಿ ಹೊಲದ ಮೇಲೆ ಹೊಸ ಕರ ಅನ್ನೋ ಮಾತನ್ನ ಯಾವ ಮೆಂಬರ್ ಆಡ್ತಾನೆ? ಆದ್ದರಿಂದ ಬಡ ಪಂಚಾಯ್ತಿಗೆ ದುಡ್ಡು ಮೇಲಿನಿಂದಲೇ ಬರಬೇಕು.

ಮೇಲಿನಿಂದ ಬರೋದರ ಕಥೆ ಕೇಳ್ರಿ. 15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷಕ್ಕೆ ಕೊಟ್ಟ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದು. ಉಳಿದ ಶೇ 40ರಲ್ಲಿ ಸಂಬಳ ಕೊಡೋ ಹಾಗಿರಲಿಲ್ಲ. ಆರೈಕೆ ಅಂದ್ರೇನು? ಒಬ್ಬ ಮನುಷ್ಯನ ಸಮಯ. ಕಾಂಕ್ರೀಟು, ಪೈಪು ತರಬಹುದಿತ್ತು, ಆಯಿಯನ್ನ ಹೊರಳಿಸೋಕೆ ಒಂದು ಕೈ ಇಟ್ಟುಕೊಳ್ಳೋ ಹಾಗಿರಲಿಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದಾರೆ. ಬಹಳಷ್ಟು ಜನ ತಾವೇ ಅಂಗವಿಕಲರು. ಮನೆಮನೆಗೆ ಹೋಗಿ ಕಾರ್ಡು, ಅರ್ಜಿ, ಸೌಲಭ್ಯ ಮಾಡಿಸ್ತಾರೆ. ಅವರಿಗೂ ಸಿಗೋದು ಗೌರವಧನ, ಸಂಬಳ ಅಲ್ಲ.

ಪಿಂಚಣಿಗೆ ಬನ್ನಿ. ಕೇಂದ್ರ ಸರ್ಕಾರ 1995ರಲ್ಲಿ ತಿಂಗಳಿಗೆ 75 ರೂಪಾಯಿಯಿಂದ ಶುರು ಮಾಡಿತು. 2007ರಲ್ಲಿ ಇಂದಿರಾ ಗಾಂಧಿ ಹೆಸರಿನ ಯೋಜನೆ ಬಂದಾಗ 200 ರೂಪಾಯಿ ಇತ್ತು. 80 ದಾಟಿದವರಿಗೆ ಆಮೇಲೆ 500 ಮಾಡಿದರು. 80ರ ಕೆಳಗಿನವರಿಗೆ ಅದೇ 200 ವರ್ಷಗಟ್ಟಲೆ ನಿಂತೇ ಇತ್ತು. ಮೇಲಿನದ್ದನ್ನ ರಾಜ್ಯ ತುಂಬ್ತದೆ. 2007ರಲ್ಲಿ ರಾಜ್ಯ ಸಂಧ್ಯಾ ಸುರಕ್ಷಾ ತಂದಿತು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದ ಕೂಡಲೇ ಅದನ್ನ 1000ದಿಂದ 1200ಕ್ಕೆ ಏರಿಸಿದರು. 1200 ಅಂದ್ರೆ ದಿನಕ್ಕೆ 40 ರೂಪಾಯಿ. ಅದೇ 2007ರಲ್ಲಿ ಪಾಲಕರ ಪೋಷಣೆ ಕಾಯ್ದೆಯೂ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ಮುಂದೆ ದೂರು ಕೊಡಬಹುದು. ಸರಿ, ನೋಡದ ಮಕ್ಕಳಿಗೆ ಕಾನೂನು ಇದೆ. ನೋಡ್ತಾ ನೋಡ್ತಾ ಬಡವರಾಗೋ ಮಕ್ಕಳಿಗೆ, ಸೊಸೆಯರಿಗೆ?

ಇದು ಬರೀ ನಮ್ಮ ಕಥೆ ಅಲ್ಲ. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆ ಇವತ್ತಿಗೂ ಸ್ಥಳೀಯ ಕೌನ್ಸಿಲ್‌ನ ಕೆಲಸ. ಖರ್ಚು ತಡೆಯಲಾರದೆ 2016ರಿಂದ ಮನೆತೆರಿಗೆಯ ಜೊತೆ ಆರೈಕೆಗೇ ಅಂತ ಹೆಚ್ಚುವರಿ ಎತ್ತೋಕೆ ಅಲ್ಲಿನ ಸರ್ಕಾರ ಬಿಟ್ಟಿತು. ಏನಾಯ್ತು? ದೊಡ್ಡ ದೊಡ್ಡ ಮನೆಗಳಿರೋ ಊರಿಗೆ ಜಾಸ್ತಿ ಬಂತು, ಬಡವರ ಊರಿಗೆ ಕಡಿಮೆ. ನಮ್ಮ ಶೇ 5ರ ಗಣಿತವೇ ಅಲ್ಲಿಯೂ. ಒಂದು ವ್ಯತ್ಯಾಸ ಇದೆ: ಅವರ 2014ರ ಕಾಯ್ದೆಯಲ್ಲಿ, ಮನೆಯಲ್ಲಿ ನೋಡಿಕೊಳ್ಳೋರಿಗೂ ತಮ್ಮ ಅಗತ್ಯ ಏನು ಅಂತ ಕೌನ್ಸಿಲ್ ಬಂದು ವಿಚಾರಿಸೋ ಹಕ್ಕಿದೆ.

ನಮ್ಮಲ್ಲೂ ಆ ಹಳೇ ಸಾಲು ಸ್ವಲ್ಪ ಮರಳಿ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರ ಭತ್ಯೆಯ ಮಾತು ಆಡ್ತದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರನ್ನ ನೋಡಿಕೊಳ್ಳೋರಿಗೆ ತಿಂಗಳಿಗೆ 1000 ರೂಪಾಯಿ ಘೋಷಣೆ ಆಯ್ತು. ಸಣ್ಣ ಮೊತ್ತ, ನಾಲ್ಕೇ ಕಾಯಿಲೆ. ಆದರೂ ಸರ್ಕಾರದ ಬಜೆಟ್‌ನಲ್ಲಿ ಪಕ್ಕ ಕೂತವರ ಹೆಸರು ಬಂತಲ್ಲ, ಅದು ಮುಖ್ಯ. ಸೊಂಟ ಮುರಿದ ಮುದುಕಿಯ ಸೊಸೆ ಇನ್ನೂ ಹೊರಗಿದ್ದಾಳೆ.

ಏನು ಕೇಳಬಹುದು? ನನಗೆ ಎರಡು ಕಾಣ್ತಾವೆ. ಒಂದು, ಪಟ್ಟಿ. ಬರಗಾಲದಲ್ಲಿ ಊರೂರಿಗೆ ಮಾಡಬಹುದಾದ ಪಟ್ಟಿ ಈಗ ಯಾಕೆ ಆಗಬಾರದು? ಯಾರು ಹಾಸಿಗೆ ಹಿಡಿದಿದ್ದಾರೆ, ಅವರಿಗಾಗಿ ಯಾರು ಕೂಲಿ ಬಿಟ್ಟಿದ್ದಾರೆ, ಇದನ್ನ ಗ್ರಾಮಸಭೆಯಲ್ಲಿ ಓದಿ ಬರೆಸಬಹುದು. ಎರಡು, ದುಡ್ಡು ಹಂಚೋದು ಆ ಪಟ್ಟಿಯ ತಲೆ ಎಣಿಸಿ ಆಗಬೇಕು, ಪಂಚಾಯ್ತಿಯ ವಸೂಲಿ ನೋಡಿ ಅಲ್ಲ. 2023ರಲ್ಲಿ ಕೂಲಿ ತಾಯಂದಿರ ಕೂಸುಗಳಿಗೆ ಅಂತ ರಾಜ್ಯ ಸರ್ಕಾರ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಕೂಸು ನೋಡಿಕೊಳ್ಳೋಕೆ ಕೈ ಬೇಕು ಅಂತ ಒಪ್ಪಿದ ಮೇಲೆ ಆಯಿಯನ್ನ ನೋಡಿಕೊಳ್ಳೋಕೂ ಬೇಕು ಅಂತ ಒಪ್ಪೋದು ಬಹಳ ದೂರದ ಮಾತಲ್ಲ.

ಆ ದಿನ ಚಿಗವ್ವನಿಗೆ ಫ್ಯಾಮಿನ್ ಕೋಡಿನ ಸಾಲು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು: ‘ಅಂದ್ರ ನಾ ಪಟ್ಟಿಯೊಳಗ ಬರಬೇಕಂದ್ರ ಮತ್ತ ಬರ ಬೀಳಬೇಕೇನು?’ ಆಮೇಲೆ ಪಾವತಿಗಳನ್ನ ಚೀಲಕ್ಕೆ ತುರುಕಿ ಒಳಗೆ ಹೋದ್ಲು. ಆಯಿಯನ್ನ ಹೊರಳಿಸೋ ಹೊತ್ತಾಗಿತ್ತು.

ನಿಮ್ಮೂರ ಗ್ರಾಮಸಭೆ ಯಾವಾಗ ಅಂತ ವಿಚಾರಿಸ್ರಿ. ಅಲ್ಲಿ ಈ ಪ್ರಶ್ನೆ ಎತ್ರಿ.